ಬಾಬಿಯಕ್ಕ ತೆರೆಸಿದ ಗೇಟು

ಹೂವಿನ ಗಿಡದ ಮುಂದೆ ನಿಂತರೆ ಬಾಬಿಯಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಹಾಗೇ ಬಗ್ಗಿ, ಮೂಗು ಇನ್ನೇನು ಹೂವಿಗೆ ತಾಗಿತು ಅನ್ನುವಷ್ಟು ಹತ್ತಿರ ಹೋಗಿ, ಕಣ್ಣು ಮುಚ್ಚಿ ನಿಲ್ಲುವರು. ನೋಡಿದವರಿಗೆ ಶಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ ನೆನಪಾಗಬೇಕು. ಕಾರಣ ಬೇರೆಯೇ ಇತ್ತು. ಗೇರುಬೀಜದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಬೀಜ ಒಡೆದು ಅವರ ಬೆರಳುಗಳು ಕಪ್ಪುಗಟ್ಟಿದ್ದವು. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಎಷ್ಟು ತಿಕ್ಕಿದರೂ ಆ ಕಪ್ಪು ಹೋಗುವುದಿಲ್ಲ. "ನನ್ ಕೈ ತಾಗಿರೆ ಹೂ ಬಾಡತ್ತ್ ಹೆಣೇ" ಎನ್ನುತ್ತಿದ್ದರು, ಹುಡುಗಿಯರನ್ನು 'ಹೆಣೇ' ಎಂದು ಕರೆಯುವ ಕುಂದಾಪುರದ ಧಾಟಿಯಲ್ಲಿ. ನಿಜಕ್ಕೂ ಬಾಡುತ್ತಿತ್ತೋ ಏನೋ, ಅವರು ಒಮ್ಮೆಯೂ ಮುಟ್ಟಿ ನೋಡಲಿಲ್ಲ.

ನಾನು ಬ್ರಹ್ಮಾವರದಿಂದ ಕುಂದಾಪುರಕ್ಕೆ ಬಂದದ್ದು ೧೯೯೭ರಲ್ಲಿ, ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿ. ಸಾಲುಮನೆಯಲ್ಲಿ ಒಂದು ಕೋಣೆ ಹಿಡಿದೆ. ಗೋಡೆಯಾಚೆ ಬಾಬಿಯಕ್ಕ, ಅವರ ಅತ್ತೆ, ಶಾಲೆಗೆ ಹೋಗುವ ಮಗಳು ರತ್ನ. ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಯವರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಬೆಳಿಗ್ಗೆ ಐದಕ್ಕೆ ಬಾಬಿಯಕ್ಕನ ಬಾವಿಯ ರಾಟೆ ಕಿರುಗುಟ್ಟಿದರೆ ನನಗೆ ಎಚ್ಚರ. ಅವರು ಗಂಜಿ ಬೇಯಿಸಿಟ್ಟು, ಅತ್ತೆಗೆ ಬಿಸಿನೀರು ಕಾಯಿಸಿಟ್ಟು, ಏಳೂವರೆಗೆ ಬುತ್ತಿ ಹಿಡಿದು ಹೊರಟರೆ ಮರಳುವಾಗ ದೀಪ ಹೊತ್ತಿರುತ್ತಿತ್ತು.

ಒಂದು ಆದಿತ್ಯವಾರ, "ಕೋಡಿಗೆ ಹೋಗಿ ಸಮುದ್ರ ನೋಡಿ ಬರುವನಾ?" ಎಂದು ಕರೆದೆ. ಅವರು ಬಟ್ಟೆ ಒಗೆಯುತ್ತಿದ್ದರು.

"ನಾ ಕಡಲ್ ಕಾಣದೆ ನಾಕ್ ವರ್ಷ ಆಯ್ತ್" ಎಂದರು.

ನನಗೆ ನಗು ಬಂತು. "ಇಲ್ಲೇ ಇರುವ ಸಮುದ್ರ, ಬಾಬಿಯಕ್ಕ. ನೋಡಲಿಕ್ಕೆ ದುಡ್ಡು ಕೊಡಲಿಕ್ಕಿಲ್ಲ."

"ಸೂರ್ಯ ಮುಳ್ಗುದ್ ಕಾಂಬುಕೆ ಯಾರೂ ದುಡ್ಡ್ ಕೇಂತಿಲ್ಲ ಹೆಣೇ. ಅವ ಮುಳ್ಗು ಹೊತ್ತಿಗೆ ನಾ ಎಲ್ಲಿರ್ತೆ, ಹೇಳ್ ಕಾಂಬ?"

ದೂರು ಹೇಳುವ ದನಿ ಅಲ್ಲ ಅದು. ಲೆಕ್ಕದ ಟೀಚರು ಮಕ್ಕಳನ್ನು ಕೇಳುವ ಹಾಗೆ ಕೇಳಿ, ಸೀರೆ ಹಿಂಡಿ ಹಗ್ಗಕ್ಕೆ ಹಾಕಿದರು. ಅವತ್ತು ನಾವು ಹೋಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ಅವರು ಕೆಲಸಕ್ಕೆ ಹೋಗುವ ದಾರಿಯಲ್ಲೇ, ಹೊಳೆಯ ಬದಿಗೆ, ಒಂದು ಪಾರ್ಕು ಆಯಿತು. ಕೆಂಪು ದಾಸವಾಳದ ಸಾಲು, ಸಿಮೆಂಟಿನ ಬೆಂಚು, ಎದುರಿಗೆ ನೀರು, ನೀರಿನಾಚೆ ತೆಂಗು. 'ಸಾರ್ವಜನಿಕರಿಗೆ ಉಚಿತ ಪ್ರವೇಶ' ಎಂದು ಬೋರ್ಡು ಹಾಕಿದ್ದರು. ಸಂಜೆ ಆರೂವರೆಗೆ ಬಾಗಿಲು ಮುಚ್ಚುತ್ತಿತ್ತು. ಬಾಬಿಯಕ್ಕನಿಗೆ ಕೆಲಸ ಬಿಡುವುದು ಆರಕ್ಕೆ. ಬೂದಿ ಹಾಕಿ ಕೈ ತೊಳೆದು ನಡೆದು ಬರುವ ಹೊತ್ತಿಗೆ ಕಾವಲಿನವನು ಬೀಗ ಜಡಿಯುತ್ತಿರುತ್ತಿದ್ದ.

"ನಾಳೆ ಬನ್ನಿ ಅಕ್ಕ" ಎನ್ನುವನು.

"ನಾಳೆಯೂ ನಾ ಇಷ್ಟೊತ್ತಿಗೇ ಬಪ್ದ್" ಎಂದು ಇವರು ಸರಳುಗಳ ನಡುವೆ ಮುಖವಿಟ್ಟು ಒಂದು ನಿಮಿಷ ನಿಂತು ನೋಡಿ ಬರುವರು.

ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಆಮೇಲೊಂದು ದಿನ ನನ್ನ ಬಾಗಿಲಿಗೆ ಬಂದು, "ಒಂದ್ ಅರ್ಜಿ ಬರುಕಿತ್ತ್" ಎಂದರು. ಪಾರ್ಕನ್ನು ರಾತ್ರಿ ಎಂಟರವರೆಗೆ ತೆರೆದಿಡಬೇಕೆಂದು ಊಟದ ಬಿಡುವಿನಲ್ಲಿ ಕಚೇರಿಯ ಯಂತ್ರದಲ್ಲೇ ಟೈಪು ಮಾಡಿದೆ. ಕಾರ್ಖಾನೆಯ ಮೂವತ್ತೊಂದು ಹೆಂಗಸರು ಸಹಿ ಹಾಕಿದರು. ಒಂಬತ್ತು ಮಂದಿ ಹೆಬ್ಬೆಟ್ಟು ಒತ್ತಿದರು. ಬಾಬಿಯಕ್ಕ ಅರ್ಧ ದಿನದ ಕೂಲಿ ಬಿಟ್ಟರು, ಮೇಸ್ತ್ರಿಯ ಬೈಗುಳ ತಿಂದರು. ಪಾರ್ಕಿನ ಉಸ್ತುವಾರಿಯ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದರು.

ಅಧಿಕಾರಿ ಒಳ್ಳೆಯ ಮನುಷ್ಯರೇ. ಕೂರಲು ಹೇಳಿದರು. ಅರ್ಜಿ ಓದಿ, "ಪಾರ್ಕು ಎಲ್ಲರದ್ದೂ ಅಮ್ಮ. ನಿಮ್ಮನ್ನು ಯಾರೂ ತಡೆದಿಲ್ಲವಲ್ಲ. ಆದಿತ್ಯವಾರ ಬನ್ನಿ" ಎಂದರು.

"ಆದಿತ್ಯವಾರ ನಮ್ ಬಟ್ಟಿ ಒಗೂದ್ ಯಾರ್, ಹ್ವಾಯ್? ಒಲಿಗೆ ಸೌದಿ ತಕಂಡ್ ಬಪ್ದ್ ಯಾರ್?" ಬಾಬಿಯಕ್ಕ ಕೂರಲಿಲ್ಲ, ಮೇಜಿನ ಮುಂದೆ ನಿಂತೇ ಇದ್ದರು. "ಬೋರ್ಡಲ್ಲಿ ಎಲ್ಲರಿಗೂ ಅಂತ ಬರ್ದಿದ್ರಿ. ಆರೂವರೆಗೆ ಬೀಗ ಹಾಕಿರೆ ಅದ್ ಕೆಲ್ಸ ಇಲ್ದವ್ರಿಗೆ ಮಾತ್ರ ಆಯ್ತಲ್ದಾ? ಹಾಂಗೇ ಬರ್ದ್‌ಬಿಡಿ. ನಾವ್ ಆಸಿ ಬಿಡ್ತ್."

ಅಧಿಕಾರಿ ಕತ್ತಲೆಯ ಮಾತೆತ್ತಿದರು, ದೀಪ ಹಾಕಿಸಬೇಕು ಎಂದರು. ನಾವು ಏನೂ ಸಿಗದೆ ಹೊರಬಂದೆವು. ಬಾಬಿಯಕ್ಕ ಜೀವನದಲ್ಲಿ ಮೊದಲ ಸಲ ಒಬ್ಬ ಅಧಿಕಾರಿಯ ಎದುರು ಬಾಯಿ ಬಿಟ್ಟದ್ದಂತೆ.

ಎರಡು ತಿಂಗಳಾದ ಮೇಲೆ ಪಾರ್ಕಿನಲ್ಲಿ ಎರಡು ದೀಪದ ಕಂಬ ಬಂದವು. ಬೋರ್ಡಿನಲ್ಲಿ ಆರೂವರೆ ಅಳಿಸಿ ಎಂಟು ಎಂದು ಬರೆದಿದ್ದರು.

ಮೊದಲ ಸಂಜೆ ಹನ್ನೆರಡು ಮಂದಿ ಹೆಂಗಸರು ಒಳಗೆ ಹೋದರು. ನಾನೂ ಜೊತೆಗಿದ್ದೆ. ಯಾರೂ ಹೇಳದೆ ಎಲ್ಲರೂ ಗೇಟಿನ ಹೊರಗೆ ಚಪ್ಪಲಿ ಬಿಟ್ಟರು. ಬೆಂಚಿನಲ್ಲಿ ಕೂತ ಕೂಡಲೇ, ಮೊದಲೇ ಅಲ್ಲಿದ್ದ ಹೆಂಗಸೊಬ್ಬರು ಗೇರೆಣ್ಣೆಯ ವಾಸನೆಗೆ ಮೂಗಿಗೆ ಸೆರಗು ಹಿಡಿದು ಎದ್ದು ಹೋದರು. ಎಳೆಯಳೊಬ್ಬಳು ಮುಖ ಸಣ್ಣ ಮಾಡಿಕೊಂಡು, "ನಾವ್ ಹೋಪ, ಅಕ್ಕ" ಎಂದಳು.

"ವಾಸ್ನಿ ಬಪ್ದ್ ಹೌದ್" ಎಂದರು ಬಾಬಿಯಕ್ಕ. "ಅದಕ್ಕೆ ನಾವ್ ಏಳುದೆಂತಕೆ? ಕೂಕೋ."

ಕೂತೆವು. ಹೊಳೆಯ ಮೇಲೆ ಬಣ್ಣ ಹೋಗುವವರೆಗೂ ಕೂತೇ ಇದ್ದೆವು.

ನಾನು ಗೆದ್ದೆವು ಎಂದುಕೊಂಡಿದ್ದೆ. ಆದರೆ ಹದಿನೈದು ದಿನಗಳಲ್ಲಿ ಹನ್ನೆರಡು ಮಂದಿ ಮೂವರಾದರು. ಆಮೇಲೆ ಬಾಬಿಯಕ್ಕನೂ ಗೇಟಿನ ಮುಂದೆ ನಿಲ್ಲದೆ ಬಿರಬಿರನೆ ನಡೆದು ಬರತೊಡಗಿದರು. ಯಾಕೆಂದು ಕೇಳಿದೆ.

"ಗೇಟ್ ಅವ್ರ್ ತೆಗ್ದ್ರ್. ನಮ್ಮನಿ ಒಲಿ ಹೊತ್ಸುಕೆ ಯಾರ್ ಬತ್ರ್?" ಎಂದರು. ಅತ್ತೆಗೆ ಏಳಕ್ಕೆ ಊಟ ಆಗಬೇಕು, ಸಕ್ಕರೆ ಕಾಯಿಲೆ.

ಅಷ್ಟು ಅರ್ಜಿ ಬರೆದ ನನಗೆ ಅದೊಂದು ಹೊಳೆದೇ ಇರಲಿಲ್ಲ. ಮಂಗಳವಾರ ನನಗೆ ಐದಕ್ಕೇ ಕೆಲಸ ಮುಗಿಯುತ್ತಿತ್ತು. ಅಂದಿನಿಂದ ಮಂಗಳವಾರದ ಗಂಜಿ ನನ್ನದು. ಅತ್ತೆ ಮೊದಲ ತುತ್ತಿಗೇ, "ಇದ್ ಗಂಜಿಯಾ, ಗೋಡಿಗ್ ಹಚ್ಚುದಾ?" ಎಂದು ಕೇಳಿದರು. ಮೂರು ವರ್ಷ ಅದನ್ನೇ ಕೇಳುತ್ತ ಉಂಡರು. ಬಾಬಿಯಕ್ಕ ಎಂಟಕ್ಕೆ ಬಂದು, ಇವತ್ತು ನೀರು ತುಂಬಿತ್ತು, ಇವತ್ತು ಬೆಳ್ಳಕ್ಕಿ ಬಂದಿತ್ತು ಎಂದು ವರದಿ ಒಪ್ಪಿಸುವರು. ವಾರದಲ್ಲಿ ಆ ಒಂದು ಸಂಜೆ ಅವರ ಮುಖ ಬೇರೆಯೇ ಇರುತ್ತಿತ್ತು.

ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಮರಳಿದೆ. ಮತ್ತೆ ಅವರನ್ನು ನೋಡಿದ್ದು ೨೦೧೩ರಲ್ಲಿ, ನಾವುಂದ ಎಂಬ ಊರಿನಲ್ಲಿ, ರತ್ನಳ ಮನೆಯಲ್ಲಿ. ಕೆಲಸ ಬಿಟ್ಟಿದ್ದರು. ಮನೆಯ ಹಿಂದೆಯೇ ಕಡಲು, ದಿನವಿಡೀ ಅದರ ಸದ್ದು. ಆದರೆ ಮೊಣಕಾಲು ಹೋಗಿತ್ತು. ಹೊಯಿಗೆಯಲ್ಲಿ, ಆ ಸಡಿಲ ಮರಳಿನಲ್ಲಿ, ಹೆಜ್ಜೆ ಇಡಲಾಗುತ್ತಿರಲಿಲ್ಲ. ಬಂದು ಎಂಟು ತಿಂಗಳಾದರೂ ನೀರಿನ ಬಳಿಗೆ ಹೋಗಿರಲಿಲ್ಲವಂತೆ. ಮಗಳಿಗೆ ಹೇಳಲು ಸಂಕೋಚ.

ರತ್ನ ಮತ್ತು ನಾನು ಮುಖ ನೋಡಿಕೊಂಡೆವು. ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಆಚೆ ಈಚೆ ಹಿಡಿದು ಎತ್ತಿದೆವು. ನಾಲ್ಕು ಕಡೆ ಇಳಿಸಿ, ಏದುಸಿರು ಬಿಟ್ಟು, ಮತ್ತೆ ಎತ್ತಿದೆವು. "ಬ್ಯಾಡ ಮಕ್ಳೇ, ಜನ ಕಾಂತ್ರ್" ಎನ್ನುತ್ತಲೇ ಅವರು ಎರಡು ಬದಿಯ ಹಿಡಿಕೆ ಗಟ್ಟಿಯಾಗಿ ಹಿಡಿದಿದ್ದರು. ತೆರೆ ಪಾದಕ್ಕೆ ಬಂದು ತಾಗುವಲ್ಲಿ ಕುರ್ಚಿ ಊರಿದೆವು.

ಸೂರ್ಯ ಮುಳುಗಿದ. ನಾನು ಗಡಿಯಾರ ನೋಡಿಕೊಂಡೆ. ಬ್ರಹ್ಮಾವರದ ಬಸ್ಸಿಗೆ ಹೊತ್ತಾಗಿತ್ತು.

"ನೀ ಹೋಗ್ ಹೆಣೇ" ಎಂದರು, ನನ್ನತ್ತ ತಿರುಗದೆ. "ಎತ್ತುಕೆ ಆಮೇಲೆ ಅಳಿಯ ಬತ್ತ. ನಂಗೆಂತ ಅವ್ಸ್ರ ಇಲ್ಲ."

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆ ಸಂಜೆ ಕಡಲ ಬಳಿಯಿಂದ ನಾನು ಎದ್ದು ಹೋಗಿ ಬಸ್ಸು ಹಿಡಿದಿದ್ದೆ. ಅದರ ನಂತರ ಇನ್ನೊಂದು ಬಸ್ಸು ಇತ್ತು.