ಬೀಗತಿ ಮಾಡಿದ ಬ್ರೆಡ್ ಸುರುಳಿ

ನಾನು ಹಿಡಿದಿದ್ದ ಅನ್ನದ ಬಟ್ಟಲನ್ನು ತಳ್ಳಿ, ಎರಡೂವರೆ ವರ್ಷದ ಮೊಮ್ಮಗಳು ಸಾನ್ವಿ ಅಡುಗೆಮನೆಗೆ ಓಡಿದಳು. ಅಲ್ಲಿ ಬಾದಾಮಿಯಿಂದ ಬಂದಿದ್ದ ನನ್ನ ಬೀಗತಿ, ಅಂದರೆ ಸೊಸೆಯ ತಾಯಿ, ಅವಳಿಗೆಂದು ಬ್ರೆಡ್ಡಿನಲ್ಲಿ ಏನೋ ಮಾಡುತ್ತಿದ್ದರು. ನಾನು ಬೇಕೆಂದೇ ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಸಾನ್ವಿ ತುಪ್ಪದಲ್ಲಿ ಹುರಿದ ಸುರುಳಿ ತಿನ್ನುತ್ತಾ ಅವರ ಸೊಂಟವೇರಿ ಹೊರಬಂದಳು. ಇಳಕಲ್ಲಿನ ಈ ಮನೆಯಲ್ಲಿ ದಿನವೂ ಅವಳಿಗೆ ಉಣಿಸುವವಳು ನಾನು!

"ಬ್ರೆಡ್ ತಿಂದ್ರ ಊಟ ಆಗ್ತದೇನ್ರಿ?" ಎಂದು ಮುಖ ತಿರುಗಿಸಿದೆ.

ಬೀಗತಿ ಊರಿಗೆ ಹೋದ ಮೇಲೆ ಸೊಸೆಯನ್ನು ಕೇಳಿ ನಾನೂ ಮಾಡಿದೆ. ಬ್ರೆಡ್ಡನ್ನು ಲಟ್ಟಿಸಿ, ಬಾಳೆಹಣ್ಣು ಸವರಿ ಸುತ್ತಿ, ಬೆಲ್ಲದ ಹಾಲಿನಲ್ಲಿ ಅದ್ದಿ ಹುರಿದೆ. ತುಪ್ಪವನ್ನಂತೂ ಅವರಿಗಿಂತ ಹೆಚ್ಚೇ ಹಾಕಿದೆ. ಸಾನ್ವಿ ಒಮ್ಮೆ ಕಚ್ಚಿ ಉಗುಳಿದಳು.

ಸಿಟ್ಟು ನುಂಗಿಕೊಂಡು ಬೀಗತಿಗೆ ಫೋನ್ ಮಾಡಿದೆ. ಅವರು ನಕ್ಕರು. "ಅಕ್ಕಾರ, ಸುರುಳಿ ನಾ ಸುತ್ತಿಲ್ರಿ. ಅಕಿ ಕೈಲೇ ಸುತ್ತಿಸೀನ್ರಿ."

ಮರುದಿನ ಮಗುವನ್ನು ಮಣೆಯ ಮುಂದೆ ಕೂರಿಸಿದೆ. ಸೊಟ್ಟ ಸುರುಳಿಯಿಂದ ಬಾಳೆಹಣ್ಣು ಹೊರಬಂದು ನನ್ನ ಸೀರೆಗೆಲ್ಲ ಮೆತ್ತಿತು. ಹುರಿದುಕೊಟ್ಟದ್ದನ್ನು ಅವಳು ಪೂರ್ತಿ ತಿಂದು, ಕೊನೆಯ ತುಂಡನ್ನು ನನ್ನ ಬಾಯಿಗೆ ತುರುಕಿದಳು. ನನ್ನ ಕಣ್ಣು ತುಂಬುವಷ್ಟರಲ್ಲಿ, "ಬಾದಾಮಿ ಅಜ್ಜಿಗಿ ತೋರಸು" ಎಂದು ಫೋನ್ ತಂದುಕೊಟ್ಟಳು.

ವಿಡಿಯೊದಲ್ಲಿ ಅವರಿಬ್ಬರೂ ಮಾತಾಡುವಾಗ ನಾನು ನಗುತ್ತಲೇ ಫೋನ್ ಹಿಡಿದು ನಿಂತಿದ್ದೆ. ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು.