ಪಕ್ಕದವರಿಗೆ ಕೇಳಿಸದ ಫೋನು

ನಮ್ಮ ಬೀದಿಯಲ್ಲಿ ಯಾರು ಫೋನ್ ಕೊಳ್ಳಬೇಕಾದರೂ ಮೊದಲು ನನ್ನನ್ನು ಕೇಳುತ್ತಾರೆ. ನಾನೇನೂ ಇಂಜಿನಿಯರ್ ಅಲ್ಲ. ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ನನ್ನದು. ಕ್ಯಾಲನೂರು ಪಕ್ಕದ ನಮ್ಮೂರಿನಿಂದ ಕಂಪನಿ ಬಸ್ಸಿನಲ್ಲಿ ಹೋಗಿಬರುವಾಗ ಉಳಿದವರೆಲ್ಲ ತೂಕಡಿಸಿದರೆ, ನಾನು ಫೋನುಗಳ ಗುಣದೋಷ ಹೇಳುವ ವಿಡಿಯೊ ನೋಡುತ್ತಾ ಕೂರುತ್ತೇನೆ. ಈ ಜನ್ಮದಲ್ಲಿ ಕೊಳ್ಳಲಾಗದ ಫೋನುಗಳ ಮೇಲೂ ನನಗೆ ಖಡಾಖಂಡಿತ ಅಭಿಪ್ರಾಯಗಳಿವೆ. ಕೇಳದಿದ್ದರೂ ಹೇಳುತ್ತೇನೆ. ಅದು ನನ್ನ ಚಾಳಿ.

ಹಾಗಾಗಿ ಒಂದು ಸಂಜೆ ಬಸ್ಸಿಳಿದು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅತ್ತಮ್ಮ, ಅಂದರೆ ನನ್ನ ಗಂಡನ ತಾಯಿ, ಹತ್ತಿರ ಬಂದು ಪಿಸುಗುಟ್ಟಿದ್ದು ನನಗೆ ಆಶ್ಚರ್ಯವಾಗಲಿಲ್ಲ.

"ನಂಗೊಂದು ಫೋನ್ ನೋಡಮ್ಮ. ತೆಳ್ಳಗಿರ್ಬೇಕು. ರೇಟು ಜಾಸ್ತಿ ಇರ್ಬಾರ್ದು. ಪಕ್ಕದಲ್ಲಿರೋರ್ಗೆ ಕೇಳಿಸ್ಬಾರ್ದು."

ಮೊದಲ ಎರಡು ಮಾತು ನನಗೆ ಅರ್ಥವಾದವು. ಎಲೆಅಡಿಕೆ ಸಂಚಿಯ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ತೆಳ್ಳಗಿರಬೇಕು, ತಾವು ಹಾಲು ಮಾರಿದ ದುಡ್ಡಿನಲ್ಲೇ ಕೊಳ್ಳುವುದರಿಂದ ಅಗ್ಗವಿರಬೇಕು. ಮೂರನೆಯದು ಮಾತ್ರ ಹೊಸದು. ಸದ್ದು ಕಡಿಮೆ ಎಂದು ಬೈಯುವ ವಿಡಿಯೊ ಬೇಕಾದಷ್ಟು ನೋಡಿದ್ದೆ. ಸದ್ದು ಕೇಳಿಸಬಾರದು ಎಂದವರನ್ನು ಅಂದೇ ಮೊದಲು ನೋಡಿದ್ದು.

ಅತ್ತಮ್ಮನ ಕಷ್ಟ ಏನೆಂದರೆ, ಮನೆಯಲ್ಲಿ ಅವರ ಪಾಲಿಗಿದ್ದದ್ದು ಮಾವನ ಬಟನ್ ಫೋನು. ಫೋನನ್ನು ಕಿವಿಗಿಟ್ಟುಕೊಂಡರೆ ಕಿವಿ ಕೆಡುತ್ತದೆ ಎಂದು ಮಾವನಿಗೆ ಯಾರೋ ಹೇಳಿದ್ದಾರೆ. ಅಂದಿನಿಂದ ಎಲ್ಲವೂ ಲೌಡ್‌ಸ್ಪೀಕರ್. ನಮ್ಮ ಮನೆಗೆ ಯಾರು ಫೋನ್ ಮಾಡಿದರೂ ಎದುರುಮನೆಯವರು ಕೈಕೆಲಸ ನಿಲ್ಲಿಸಿ ಕೇಳುತ್ತಾರೆ, ಮಾತು ಮುಗಿದ ಮೇಲೆ ಸಲಹೆಯನ್ನೂ ಕೊಡುತ್ತಾರೆ. ಅತ್ತಮ್ಮನಿಗೆ ಇರುವುದು ಒಬ್ಬಳೇ ಅಕ್ಕ, ಮುಳಬಾಗಿಲಿನಾಚೆ ಆಂಧ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ. ಆ ಅಕ್ಕ ಫೋನ್ ಮಾಡಿದರೆ ಮಾವ, "ತಗೋ, ನಿಮ್ಮಕ್ಕ," ಎಂದು ಫೋನನ್ನು ತಾವೇ ಹಿಡಿದು ಅತ್ತಮ್ಮನ ಮೂತಿಯ ಮುಂದೆ ನಿಲ್ಲುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ. ಹೀಗೆ ಅಕ್ಕತಂಗಿಯರು ಎಷ್ಟೋ ವರ್ಷ ಮಳೆ ಬಂತಾ, ರಾಗಿ ಕಟಾವು ಆಯ್ತಾ, ಹಸು ಕರು ಹಾಕ್ತಾ ಎಂದಷ್ಟೇ ಮಾತಾಡಿಕೊಂಡಿದ್ದರು. ಈಗ ಅತ್ತಮ್ಮನಿಗೆ ಅಕ್ಕನ ಜೊತೆ ಒಬ್ಬರೇ ಮಾತಾಡಬೇಕಿತ್ತು.

ಇಷ್ಟು ತಿಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಅತ್ತೆಯಾದವಳು ತನ್ನ ಅಕ್ಕನಿಗೆ ಗುಟ್ಟಾಗಿ ಹೇಳುವ ವಿಷಯ ಏನಿದ್ದೀತು? ನಾನೇ. ನನ್ನ ಹುಳಿ ಜಾಸ್ತಿಯಾದ ಸಾರು, ನಾನು ಒಗೆಯದೆ ಬಿಟ್ಟ ದುಪ್ಪಟಿ, ಭಾನುವಾರ ನಾನು ಏಳುವ ಹೊತ್ತು. ನನ್ನ ವಿರುದ್ಧದ ದೂರಿಗೆ ನಾನೇ ಹೋಗಿ ಯಂತ್ರ ಆರಿಸಿಕೊಡಬೇಕಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಫೋನ್ ಆರಿಸುವ ಅವಕಾಶ ಬಿಡುವಷ್ಟು ಸ್ವಾಭಿಮಾನ ನನಗಿಲ್ಲ.

"ಬಟನ್ ಫೋನೇ ತಗೊಳ್ಳಿ ಅತ್ತಮ್ಮ, ಅಗ್ಗ," ಎಂದು ನೋಡಿದೆ.

"ಪಕ್ಕದ ಮನೆಯೋಳು ಬಟನ್ ಫೋನ್ ಕಿವಿಗಿಟ್ಕೊಂಡೇ ಮಾತಾಡ್ತಾಳೆ. ಅವ್ಳ ಮಗಳು ಏನಂದ್ಳು ಅಂತ ನಂಗೆ ಕೊಟ್ಟಿಗೇಲಿ ಕೇಳಿಸ್ತೈತೆ. ಬ್ಯಾಡ."

ಮುಂದಿನ ಭಾನುವಾರ ಕೋಲಾರಕ್ಕೆ ಹೋದೆವು. ಅಂಗಡಿಯಲ್ಲಿದ್ದ ಹುಡುಗಿ ಬಹಳ ಚುರುಕು. ತೆಳ್ಳನೆಯ, ಕೈಗೆಟುಕುವ ಬೆಲೆಯ ಫೋನುಗಳನ್ನು ಗಾಜಿನ ಮೇಲೆ ಸಾಲಾಗಿ ಜೋಡಿಸಿ, "ಆಂಟಿ, ಇದ್ರಲ್ಲಿ ಡಬಲ್ ಸ್ಪೀಕರ್. ಮದ್ವೆ ಮನೇಲಿ ಇಟ್ರೂ ಕೇಳ್ಸುತ್ತೆ," ಎಂದಳು.

ಅತ್ತಮ್ಮ ಆ ಫೋನನ್ನು ಬೆರಳ ತುದಿಯಿಂದ ಅತ್ತ ಸರಿಸಿದರು.

ಆಮೇಲೆ ನಡೆದ ಪರೀಕ್ಷೆಯನ್ನು ಯಾವ ವಿಡಿಯೊದವರೂ ಮಾಡಿಲ್ಲ, ಮಾಡುವುದೂ ಇಲ್ಲ. ಹುಡುಗಿ ತನ್ನ ಸಿಮ್ಮನ್ನು ಒಂದೊಂದೇ ಫೋನಿಗೆ ಹಾಕಬೇಕು. ಅತ್ತಮ್ಮ ಅದನ್ನು ಕಿವಿಗಿಟ್ಟುಕೊಳ್ಳಬೇಕು. ನಾನು ರಸ್ತೆಗಿಳಿದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ಆ ನಂಬರಿಗೆ ಫೋನ್ ಮಾಡಿ ಮಾತಾಡಬೇಕು. ಹುಡುಗಿ ಅತ್ತಮ್ಮನ ಪಕ್ಕದಲ್ಲಿ ನಿಂತು, ನಾನು ಆಡಿದ್ದು ತನಗೆ ಕೇಳಿಸಿತೇ ಎಂದು ಹೇಳಬೇಕು.

ನಾನು ಹಲೋ ಹಲೋ ಎಂದೆ. ಅತ್ತಮ್ಮನಿಗೆ ಒಪ್ಪಿಗೆಯಾಗಲಿಲ್ಲ.

"ಸುಮ್ನೆ ಹಲೋ ಅಂದ್ರೆ ಏನ್ ಗೊತ್ತಾಗ್ತೈತೆ? ಯಾರನ್ನಾದ್ರೂ ಬೈಯಿ. ಬೈಯೋವಾಗ ಗಂಟ್ಲು ಬ್ಯಾರೆ ಇರ್ತೈತೆ."

ಸರಿಯಾದ ಮಾತೇ. ಯಾರನ್ನು ಬೈಯುವುದು ಎಂದು ಹುಡುಕುವ ಕಷ್ಟವಿರಲಿಲ್ಲ, ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರ್ ಇದ್ದನಲ್ಲ. ಕೋಲಾರದ ನಡುಬೀದಿಯಲ್ಲಿ ನಿಂತು ನಾನು ಅವನ ಜನ್ಮ ಜಾಲಾಡಿದೆ. ಕಬ್ಬಿನ ಹಾಲು ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ನಿಂತರು. ಗಾಡಿಯವನು ಯಂತ್ರ ನಿಲ್ಲಿಸಿದ. ಒಳಗೆ ಹೋಗಿ ಕೇಳಿದರೆ, "ಯಾರೋ ಸೂಪರ್‌ವೈಸರ್ ಅಂತೆ, ಬಾತ್‌ರೂಮಿಗೆ ಹೋದ್ರೂ ಗಡಿಯಾರ ನೋಡ್ತಾನಂತೆ," ಎಂದು ಹುಡುಗಿ ಒಪ್ಪಿಸಿದಳು. ಆ ಫೋನ್ ಫೇಲು. ಇನ್ನೊಂದಕ್ಕೂ ಅದೇ ಗತಿ. ಮತ್ತೊಂದರ ಹೊತ್ತಿಗೆ ನನಗೇ ಬೈಯುವ ಹುರುಪು ಬಂದಿತ್ತು, ಸೂಪರ್‌ವೈಸರನ ಅಪ್ಪನವರೆಗೂ ಹೋಗಿದ್ದೆ. ಆದರೆ ಹುಡುಗಿ ತಲೆಯಾಡಿಸಿದಳು.

"ಬರೀ ಗೊಣಗೊಣ ಅಂತೈತೆ ಅಕ್ಕ. ಮಾತು ಗೊತ್ತಾಗಲ್ಲ."

ಅತ್ತಮ್ಮ ಸಂಚಿ ಬಿಚ್ಚಿದರು. ಆ ಫೋನಿನ ಹೆಸರು, ಕಂಪನಿ ಏನೆಂದು ಅವರು ಇವತ್ತಿಗೂ ಕೇಳಿಲ್ಲ.

ಕೆಲವು ವಾರಗಳ ಬಳಕೆಯ ನಂತರ ನನ್ನ ತೀರ್ಪು ಇದು. ಬ್ಯಾಟರಿ ಪರವಾಗಿಲ್ಲ, ಬೆಳಗಿನ ಹಾಲು ಕರೆಯುವಾಗ ತುಂಬಿಸಿದರೆ ಮರುದಿನದ ಹಾಲಿನವರೆಗೂ ಬರುತ್ತದೆ. ಬಿಸಿಲಲ್ಲಿ ಪರದೆ ಏನೂ ಕಾಣುವುದಿಲ್ಲ, ಸೆರಗಿನೊಳಗೆ ತಲೆ ತೂರಿಸಿ ನೋಡಬೇಕು. ಒದ್ದೆ ಕೈಗೆ ಮಾತು ಕೇಳುವುದಿಲ್ಲ. ಬೆನ್ನು ನುಣುಪು ಎಂದರೆ ನುಣುಪು, ಕಲಗಚ್ಚಿನ ಬಾನಿಗೆ ಬೀಳುವುದರಲ್ಲಿತ್ತು. ಕ್ಯಾಮೆರಾಕ್ಕೆ ಎಲ್ಲರನ್ನೂ ಬೆಳ್ಳಗೆ ಮಾಡುವ ಹುಚ್ಚು. ಅತ್ತಮ್ಮ ನಮ್ಮ ಕರೀ ಹಸುವಿನ ಫೋಟೊ ತೆಗೆದು, "ಇದ್ಯಾರ ಮನೇ ಹಸು?" ಎಂದು ನನ್ನನ್ನೇ ಕೇಳಿದರು. ಮುಖ್ಯ ವಿಷಯದಲ್ಲಿ ಮಾತ್ರ ಅದು ಚಿನ್ನ. ಪಕ್ಕದಲ್ಲೇ ಕೂತರೂ ಗೊಣಗೊಣ ಬಿಟ್ಟರೆ ಒಂದು ಅಕ್ಷರ ಆಚೆ ಬಾರದು. ಇದನ್ನು ನಾನು ಖುದ್ದಾಗಿ, ಅನೇಕ ಸಲ, ಬೇರೆ ಬೇರೆ ನೆಪಗಳಲ್ಲಿ ಪರೀಕ್ಷಿಸಿದ್ದೇನೆ.

ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಅತ್ತಮ್ಮ ಹಿಪ್ಪುನೇರಳೆ ತೋಟದ ಬದುವಿಗೆ ಹೋಗಿ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಅಲ್ಲಿಂದ ಅಕ್ಕನಿಗೆ ಫೋನು. ಕೈ ಬೀಸುವುದೇನು, ತೊಡೆ ತಟ್ಟುವುದೇನು, ನಗು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡುವುದೇನು. ಮನೆಯಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಾವ ಜಗಲಿಯ ಮೇಲೆ ಕೂತು ಅತ್ತಲೇ ನೋಡುತ್ತಿದ್ದರು.

ಒಂದು ಭಾನುವಾರ ಮಾವ ತಡೆಯಲಾರದೆ, "ಅಷ್ಟೊತ್ತು ಏನಂತಮ್ಮ ಮಾತು? ಹೋಗಿ ಮಜ್ಜಿಗೆ ಕೊಟ್ ಬಾ," ಎಂದು ನನ್ನನ್ನು ಕಳಿಸಿದರು. ನಾನೂ ಅಂಥದ್ದೊಂದು ಅಪ್ಪಣೆಗೆ ಕಾಯುತ್ತಿದ್ದೆ. ಲೋಟ ಹಿಡಿದು ಬೆಕ್ಕಿನ ಹೆಜ್ಜೆ ಹಾಕಿದೆ. ನನ್ನ ತವರು ಮಾಲೂರು ಕಡೆ, ತೆಲುಗು ಅರ್ಧಂಬರ್ಧ ಬರುತ್ತದೆ. ಅಕ್ಕತಂಗಿಯರ ಗಡಿಸೀಮೆಯ ತೆಲುಗು ಓಡುವ ವೇಗಕ್ಕೆ ಅದು ಸಾಲದು. ಅಷ್ಟರಲ್ಲಿ ಒಂದು ಮಾತು ಸಿಕ್ಕಿತು. "ಮಾ ಕೋಡಲು." ನಮ್ಮ ಸೊಸೆ ಅಂತ. ಅಷ್ಟಾದ ಮೇಲೆ ನನ್ನನ್ನು ಕಂಡು ಅತ್ತಮ್ಮ ಬಾಯಿ ಮುಚ್ಚಿಕೊಂಡರು.

ನಾನು ಮಜ್ಜಿಗೆ ಕೊಟ್ಟು ಬಂದೆ. ವಾರವೆಲ್ಲ ಮುಖ ಊದಿಸಿಕೊಂಡಿದ್ದೆ. ಸಾರಿಗೆ ಬೇಕೆಂದೇ ಇನ್ನೊಂದಿಷ್ಟು ಹುಳಿ ಬಿಟ್ಟೆ.

ನಾವು ಮಾಡಿದ್ದ ತಪ್ಪು ಮುಂದಿನ ಭಾನುವಾರ ಗೊತ್ತಾಯಿತು. ಆ ಅಕ್ಕನ ಮಗ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ತಂದಿದ್ದವನು, ಹರಾಜು ಮುಗಿಸಿ, ಇಷ್ಟು ದೂರ ಬಂದಿದ್ದೇನಲ್ಲ ಎಂದು ಚಿಕ್ಕಮ್ಮನನ್ನು, ಅವರ ತೆಲುಗಿನಲ್ಲಿ ಪಿನ್ನಮ್ಮನನ್ನು, ನೋಡಲು ನಮ್ಮ ಮನೆಗೆ ಬಂದ. ಅತ್ತಮ್ಮ ಹುಲ್ಲು ಕೊಯ್ಯಲು ಹೋಗಿದ್ದರು. ಮಾವ ಮತ್ತು ನಾನು ಇದ್ದೆವು. ಕಾಫಿ ಕುಡಿಯುತ್ತಾ ಅವನು ಮಾವನ ಕಡೆ ತಿರುಗಿ ಕಿಸಕ್ಕನೆ ನಕ್ಕ.

"ಅಲ್ಲ ಚಿಕ್ಕಪ್ಪ, ಮದ್ವೆ ಆದಾಗಿಂದ ಒಂದ್ ಸಲನೂ ನೀವು ಪಿನ್ನಮ್ಮನ್ನ ಉಂಡ್ಯಾ ಅಂತ ಕೇಳಿಲ್ವಂತೆ?"

ಮಾವನ ಲೋಟ ಅಲ್ಲೇ ನಿಂತಿತು. "ಯಾರ್ಲಾ ಹೇಳಿದ್ದು?"

"ಯಾರ್ ಹೇಳೋದೇನು, ಊರಿಗೇ ಗೊತ್ತೈತೆ. ನಮ್ಮಮ್ಮನ ಫೋನು ಕಿವಿಗಿಟ್ರೆ ಕೇಳಿಸಲ್ಲ, ಕೆಟ್ಟೋಗೈತೆ. ಬರೀ ಸ್ಪೀಕರ್. ಮಧ್ಯಾಹ್ನ ಆದ್ರೆ ಅಕ್ಕಪಕ್ಕದೋರೆಲ್ಲ ಹುಣಿಸೇಹಣ್ಣು ಬಿಡಿಸೋಕೆ ನಮ್ ಜಗಲೀಗೇ ಬಂದ್ಬಿಡ್ತಾರೆ."

ಕೋಲಾರದಲ್ಲಿ ಅಷ್ಟೆಲ್ಲ ಪರೀಕ್ಷೆ ಮಾಡಿದ ನಾನು, ಆ ಕಡೆಯಲ್ಲಿರುವುದು ಯಾವ ಫೋನು ಎಂದು ಒಂದು ಮಾತು ಕೇಳಿರಲಿಲ್ಲ. ಇಂಥ ಪರಿಣತೆ ನಾನು! ಅವನು ಮಾತ್ರ ನಿಲ್ಲಿಸಲಿಲ್ಲ. ಪಿನ್ನಮ್ಮ ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬರೇ ಕೂರುತ್ತಾರಂತೆ, ಉಂಡರೋ ಬಿಟ್ಟರೋ ಗಂಡನೂ ಕೇಳುವುದಿಲ್ಲ, ಮಗನೂ ಕೇಳುವುದಿಲ್ಲವಂತೆ. ನನ್ನ ಕಡೆ ಕೈ ತೋರಿಸಿ, "ಅತ್ಗೆ ಒಬ್ರೇ ಅಂತೆ ಕೇಳೋದು. ಬಸ್ ಇಳಿದು ಬಂದ ತಕ್ಷಣ, ಅತ್ತಮ್ಮ ಉಂಡ್ರಾ ಅಂತಾರಂತೆ. ಸಾರು ಮಾತ್ರ ಹುಳಿ ಅಂತೆ."

ನನಗೆ ಎಷ್ಟು ಸಂತೋಷವಾಯಿತೆಂದರೆ ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ. ಅಡುಗೆಮನೆಗೆ ಹೋದವಳಿಗೆ ನಾಚಿಕೆಯೂ ಆಯಿತು. ಬಸ್ಸಿಳಿದು ಬಂದು ನಾನು ಹಾಗೆ ಕೇಳುವುದು ಬರೀ ರೂಢಿ, ಉತ್ತರಕ್ಕೂ ನಿಲ್ಲದೆ ಒಳಗೆ ಹೋಗಿರುತ್ತೇನೆ. ಅದನ್ನೇ ಅವರು ಅಷ್ಟು ದೊಡ್ಡದು ಮಾಡಿ ಹೇಳಿಕೊಂಡಿದ್ದರು.

ಅವನು ಹೋದ ಮೇಲೆ ಮಾವ ಯಾರಿಗೋ ಎಂಬಂತೆ, "ಅನ್ನ ಇರೋದೇ ಅವ್ಳ ಕೈಯಲ್ಲಿ. ಉಂಡ್ಯಾ ಅಂತ ನಾನೇನ್ ಕೇಳೋದು?" ಎಂದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅತ್ತಮ್ಮ ಹುಲ್ಲಿನ ಹೊರೆ ಇಳಿಸಿದಾಗ ನಾವಿಬ್ಬರೂ ಅವನು ಹೇಳಿದ್ದನ್ನು ಬಾಯಿಬಿಡಲಿಲ್ಲ. ಫೋನಿನಲ್ಲಿ ಆಡಿದ್ದು ಊರಿಗೆಲ್ಲ ಕೇಳಿದೆ ಎಂದರೆ ಆ ಹೊಂಗೆ ಮರದ ಕೆಳಗಿನ ನಗು ನಿಂತುಹೋಗುತ್ತದೆ ಎಂದು ನನಗೆ ಭಯ. ಮಾವನ ಭಯ ಏನೋ ಗೊತ್ತಿಲ್ಲ.

ಆ ವಾರ ಮಾವ ಊಟದ ಹೊತ್ತಿಗೆ ವಿಚಿತ್ರವಾಗಿ ಆಡಿದರು. ಅತ್ತಮ್ಮ ಬಡಿಸುವಾಗ ತಲೆ ಎತ್ತುವರು, ಬಾಯಿ ತೆರೆಯುವರು, ಆಮೇಲೆ "ಉಪ್ಪು ಕೊಡು" ಎನ್ನುವರು. ಪಾಪ, ಅತ್ತಮ್ಮ ಮಾರನೆಯ ದಿನದಿಂದ ನಾನು ಮಾಡಿಟ್ಟ ಸಾರಿಗೆ ಇನ್ನಷ್ಟು ಉಪ್ಪು ಹಾಕತೊಡಗಿದರು. ಮಾವ ಅದನ್ನೂ ಮಾತಿಲ್ಲದೆ ಉಂಡರು.

ನಂತರದ ಭಾನುವಾರ ಮಧ್ಯಾಹ್ನ ನಾನೂ ಮಾವನೂ ತೋಟದ ಆಚೆ ತುದಿಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದೆವು. ನಮ್ಮಿಬ್ಬರ ಊಟ ಮುಗಿದಿತ್ತು. ಅತ್ತಮ್ಮ ಮನೆಯಲ್ಲಿದ್ದರು. ಮಾವ ಕುಡುಗೋಲು ಕೆಳಗಿಟ್ಟು ಬಟನ್ ಫೋನು ತೆಗೆದು ನನ್ನ ಕಡೆ ಚಾಚಿದರು.

"ಅವ್ಳ ನಂಬರ್ ಹಾಕ್ಕೊಡಮ್ಮ."

ಅತ್ತಮ್ಮನ ನಂಬರು ಅವರ ಫೋನಿನಲ್ಲಿ ಇರಲೇ ಇಲ್ಲ. ನಾನು ಒತ್ತಿ ಕೊಟ್ಟೆ. ಮಾವ ಎಂದಿನಂತೆ ಲೌಡ್‌ಸ್ಪೀಕರ್ ಹಾಕಿ, ಫೋನನ್ನು ಅಂಗೈಯಲ್ಲಿಟ್ಟು ಬಾಯಿ ಹತ್ತಿರ ಹಿಡಿದರು.

"ಹಲೋ?" ಎಂದಿತು ಅತ್ತಮ್ಮನ ಧ್ವನಿ.

"ಉಂಡ್ಯಾ?"

ಆ ಕಡೆ ಕೊಟ್ಟಿಗೆಯಲ್ಲಿ ಹಸು ಕೂಗಿದ್ದು ಕೇಳಿಸಿತು.

"ಯಾರು?"

"ನಾನು ಕಣೇ."

"ನೀವಾ?"

"ಹೂಂ. ಉಂಡ್ಯಾ ಅಂದೆ."

ಫೋನು ಕಟ್ಟಾಯಿತು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮಡಗ್ಬಿಟ್ಳು," ಎಂದರು. ಮತ್ತೆ ಕುಡುಗೋಲು ಎತ್ತಿಕೊಂಡು, ನನಗೆ ಬೆನ್ನು ಮಾಡಿ, ಬೇಕಿಲ್ಲದಷ್ಟು ಜೋರಾಗಿ ಸೊಪ್ಪು ಕೊಯ್ಯತೊಡಗಿದರು. ಅವರ ಮೇಲೆ ನನಗೆ ಅಂಥ ಮರುಕ ಹಿಂದೆ ಯಾವತ್ತೂ ಬಂದಿರಲಿಲ್ಲ.

ಆಗ ನನ್ನ ಫೋನು ಬಡಿದುಕೊಂಡಿತು. ಅತ್ತಮ್ಮ. ನಾನು ನಾಲ್ಕು ಸಾಲು ಆಚೆ ಹೋಗಿ ಕಿವಿಗಿಟ್ಟುಕೊಂಡೆ.

"ನಿಮ್ಮಾವಂಗೆ ಕೇಳಿಸ್ತೈತಾ?"

"ಇಲ್ಲ, ಹೇಳಿ ಅತ್ತಮ್ಮ."

"ಬಿಸ್ಲು ತಲೆಗೇನಾದ್ರೂ ಹತ್ತೈತಾ ನೋಡು. ನೆರಳಲ್ಲಿ ಕೂರ್ಸಿ ನೀರ್ ಕುಡಿಸು. ಫೋನ್ ಮಾಡಿ ಉಂಡ್ಯಾ ಅಂತಾವ್ರೆ. ಗಾಬ್ರಿಗೆ ಮಡಗ್ಬಿಟ್ಟೆ ಕಣೇ."

"ಮಾವ ಚೆನ್ನಾಗೇ ಇದಾರೆ ಅತ್ತಮ್ಮ. ಬೇಕೂ ಅಂತ್ಲೇ ಕೇಳಿದ್ದು."

"ನಿಜವಾಗ್ಲೂ?"

"ನಿಜವಾಗ್ಲೂ."

ಆ ಕಡೆ ತಟ್ಟೆ ಕೆಳಗಿಟ್ಟ ಸದ್ದು ಕೇಳಿಸಿತು.

"ಹಂಗಾದ್ರೆ," ಎಂದರು ಅತ್ತಮ್ಮ, "ಇನ್ನೊಂದ್ ಸಲ ಮಾಡಕ್ಕೆ ಹೇಳು."