ಕಲ್ಯಾಣಿಗೆ ಹಿಂದಿನ ದಾರಿ

ನನ್ನ ಬೋಳುತಲೆಗೆ ಗಂಧ ಹಚ್ಚಿದ ಕೈ ಯಾರದ್ದೆಂದು ನನಗೆ ಖಚಿತವಿರಲಿಲ್ಲ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲು, ಆಗತಾನೆ ಮುಡಿ ಕೊಟ್ಟ ತಲೆ, ತಣ್ಣನೆಯ ಗಂಧ, ಅದನ್ನು ಸವರುತ್ತಿದ್ದ ಒರಟು ಅಂಗೈ. ಇಷ್ಟೇ. ಮುಖವಿಲ್ಲ. ಹೆತ್ತವ್ವನ ಬಗ್ಗೆ ನನ್ನಲ್ಲಿದ್ದ ನೆನಪು ಇದೊಂದೇ. ಅದೂ ನೆನಪೋ, ಕೇಳಿ ಕೇಳಿ ಕಟ್ಟಿಕೊಂಡದ್ದೋ ಗೊತ್ತಿರಲಿಲ್ಲ.

ನಾನು ಇಬ್ಬರನ್ನು ಅವ್ವ ಎಂದು ಕರೆದವನು. ಹೆತ್ತವಳು ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಳು. ಮರುವರ್ಷ ಅಪ್ಪ ಅವಳ ತಂಗಿಯನ್ನು ಮದುವೆಯಾದ. ಚಿಕ್ಕವ್ವ ಎನ್ನಬೇಕೆಂದು ಮನೆಯವರು ಹೇಳಿಕೊಟ್ಟರಂತೆ. ಕೆಲವು ದಿನ ಹಾಗೆ ಕರೆದು, ಆಮೇಲೆ 'ಚಿಕ್ಕ'ವನ್ನು ಬಿಟ್ಟುಬಿಟ್ಟೆನಂತೆ. ಹಾಗಾಗಿ ಹಳೆಯ ಯಾವುದೇ ನೆನಪಿನಲ್ಲಿ ನಾನು 'ಅವ್ವ' ಎಂದು ಕೂಗಿದರೆ ತಿರುಗಿ ನೋಡುವವಳು ಯಾರೆಂದು ತಿಳಿಯುವುದಿಲ್ಲ. ಇಲ್ಲಿ ಬರೆಯುವಾಗ ಮಾತ್ರ ಅವಳನ್ನು ಚಿಕ್ಕವ್ವ ಎನ್ನುತ್ತಿದ್ದೇನೆ.

ಮುಡಿಯ ಕತೆ ಹೇಳುತ್ತಿದ್ದವಳು ಚಿಕ್ಕವ್ವನೇ. ನಿಮ್ಮವ್ವ ಹರಕೆ ಹೊತ್ತಿದ್ದಳು, ತಾನೇ ಎತ್ತಿಕೊಂಡು ಹೋಗಿ ತೀರಿಸಿದಳು ಎನ್ನುತ್ತಿದ್ದಳು. ನೀನೂ ಹೋಗಿದ್ದೆಯಾ ಎಂದು ಕೇಳಿದರೆ, ತಾನು ಮೇಲುಕೋಟೆಯನ್ನೇ ಕಂಡವಳಲ್ಲ ಎನ್ನುವಳು. ನಮ್ಮೂರು ಹೊಣಕೆರೆಯಲ್ಲಿ ಬದುಕು ಕಳೆದವಳು ಅಷ್ಟು ಹತ್ತಿರದ ಬೆಟ್ಟ ಕಂಡಿಲ್ಲವೆಂದರೆ ಊರಿನವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅಪ್ಪ ಆ ಮಾತೇ ಎತ್ತಿದವನಲ್ಲ, ಈಗ ಅವನೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದ ಮೇಲೆ, ಯಾರು ಏನು ಹೇಳಿದರೂ ಕಣ್ಣಾರೆ ಕಂಡವರು ಯಾರು ಎಂದು ಕೇಳುವ ಚಾಳಿ ನನಗೆ ಅಂಟಿತ್ತು. ಆ ಅಂಗೈಯನ್ನೂ ಸುಮ್ಮನೆ ಬಿಡಲಾಗಲಿಲ್ಲ.

ಈ ಸಲದ ಚಳಿಗಾಲದಲ್ಲಿ ಮೇಲುಕೋಟೆಯಲ್ಲಿ ಪರಂಪರೆಯ ಉತ್ಸವ ನಡೆಯಿತು. ಕಲ್ಯಾಣಿಗೆ ದೀಪ ಹಾಕುತ್ತಾರೆ, ಬಾ ಎಂದು ಚಿಕ್ಕವ್ವನನ್ನು ಕರೆದೆ. ಯಾವಾಗಲೂ ಹಸು ಕರೆಯುವವರು ಯಾರು ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಹಸು ಮಾರಿಯಾಗಿತ್ತು. ಶಾಲು ಹೊದ್ದು ಕಾರು ಹತ್ತಿದಳು.

ಕಾರನ್ನು ಕೆಳಗೇ ನಿಲ್ಲಿಸಿ ನಡೆದೆವು. ಗಾಳಿ ಕಿವಿಯನ್ನು ಕೊರೆಯುತ್ತಿತ್ತು. ಕೆಂಪು ಟೋಪಿಯ ಹುಡುಗಿಯೊಬ್ಬಳು ಮೈಕು ಹಿಡಿದು ಹಳೆಯ ಕಟ್ಟಡಗಳ ವಿಷಯ ಹೇಳುತ್ತ ಒಂದು ಗುಂಪನ್ನು ಕರೆದೊಯ್ಯುತ್ತಿದ್ದಳು. ವೀರಗಾಸೆಯವರು ವೇಷದಲ್ಲೇ ನಿಂತು ಟೀ ಕುಡಿಯುತ್ತಿದ್ದರು. ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಪುಳಿಯೋಗರೆ ಕೊಂಡು ಅರ್ಧ ತಿಂದೆ, ಗುಂಪಿನ ಹಿಂದೆ ಹೋಗಿ ವಾಪಸು ಬಂದೆ, ಬೇಡವಾಗಿದ್ದರೂ ಇನ್ನೊಂದು ಟೀ ಕುಡಿದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತರೆ ಮುಖ ನೆನಪಾಗಬಹುದು ಎಂಬ ಆಸೆ. ನೆನಪಾದರೂ ಅದನ್ನು ನಾನು ನಂಬುವುದಿಲ್ಲವೆಂಬುದೂ ಗೊತ್ತಿತ್ತು. ಚಿಕ್ಕವ್ವ ಅಂಗಡಿಯೊಂದರ ಜಗಲಿಯಲ್ಲಿ ಕುಳಿತು, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಗದರಿದಳು.

ಕಲ್ಯಾಣಿಯ ಕಡೆ ಹೊರಟರೆ ದಾರಿಗೆ ಕಬ್ಬಿಣದ ಬೇಲಿ ಅಡ್ಡ ಇಟ್ಟಿದ್ದರು. ವೇದಿಕೆ ಕಟ್ಟುತ್ತಿದ್ದಾರೆ, ದೀಪ ಹಚ್ಚುವ ಹೊತ್ತಿಗೆ ಬಿಡುತ್ತೇವೆ ಎಂದ ಕಾವಲಿನವನು. ನಾನು ಅವನೊಡನೆ ವಾದಕ್ಕೆ ನಿಂತೆ. ಚಿಕ್ಕವ್ವ ನನ್ನ ತೋಳು ಹಿಡಿದೆಳೆದಳು.

"ಅವನ ತಾವ ಏನ್ಲಾ ಮಾತು? ಇಂದ್ಗಡೆ ದಾರಿ ಅದೆ, ಬಾ."

ಎರಡು ಮನೆಗಳ ನಡುವಿನ ಸಂದಿಗೆ ನುಗ್ಗಿ, ಒಂದು ಮೊಂಡುಗೋಡೆ ಬಳಸಿ, ಯಾರನ್ನೂ ಕೇಳದೆ ನಡೆದಳು. ಗೋಡೆ ದಾಟಿದರೆ ಕೆಳಗೆ ಕಲ್ಯಾಣಿ. ಆ ಬದಿಯಲ್ಲಿ ಜನವೇ ಇರಲಿಲ್ಲ. ಮೊದಲ ಮೆಟ್ಟಿಲ ಮೇಲೆ ಕಾಲಿಡುವ ಮುನ್ನ ಅವಳು ತಟ್ಟನೆ ನಿಂತಳು. ತಾನು ಏನು ಮಾಡಿದೆನೆಂದು ಅವಳಿಗೆ ಆಗ ಹೊಳೆದಿರಬೇಕು.

ಈ ದಾರಿ ನಿನಗೆ ಹೇಗೆ ಗೊತ್ತು ಎಂದೆ. ಅಂಗಡಿಯವಳು ಹೇಳಿದಳು ಎಂದಳು. ಯಾವಾಗ ಎಂದೆ. ನೀನು ಅತ್ತಿತ್ತ ತಿರುಗುತ್ತಿದ್ದೆಯಲ್ಲ, ಆಗ ಎಂದಳು. ಸಂದಿಯ ಒಳಗಿನ ಮೊಂಡುಗೋಡೆಯನ್ನೂ ಹೇಳಿದಳೇ ಎಂದೆ. ಅವಳು ನೀರನ್ನೇ ನೋಡುತ್ತ, "ನಾಕೂ ಕಡೆ ಮೆಟ್ಲಿರೋ ಕಲ್ಯಾಣಿಗೆ ಒಂದೇ ದಾರಿ ಇರ್ತದಾ?" ಎಂದಳು.

ನಾನು ಬಿಡಲಿಲ್ಲ. ಮುಡಿ ಕೊಡಿಸಲು ಬಂದವಳು ನೀನೇ ತಾನೆ ಎಂದು ಕೇಳಿದೆ. ನನ್ನ ದನಿ ನನಗೇ ಅಸಹ್ಯವಾಗುವಷ್ಟು ಏರಿತ್ತು. ಅವಳು ಹೌದು ಎಂದರೆ ನನ್ನ ಪಾಲಿಗೆ ಹೆತ್ತವಳು ಪೂರ್ತಿ ಇಲ್ಲವಾಗುತ್ತಿದ್ದಳು. ಅಲ್ಲ ಎಂದರೆ ಈಗ ಕಂಡದ್ದನ್ನು ಸುಳ್ಳೆನ್ನಬೇಕಿತ್ತು. ಎದುರು ದಡದಲ್ಲಿ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು, ಹಲೋ ಹಲೋ ಎಂದು.

ಚಿಕ್ಕವ್ವ ನಿಧಾನವಾಗಿ ಮೆಟ್ಟಿಲ ಮೇಲೆ ಕುಳಿತಳು. ಸಿಟ್ಟಿರಲಿಲ್ಲ.

"ನಿಮ್ಮವ್ವ ಇರ್ಲಿ ಬುಡ್ಲಾ," ಎಂದಳು. "ನಾನೆಂಗೂ ಇವ್ನಿ ತಾನೆ."

ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ದೀಪ ಹಚ್ಚಿದಾಗ ಜನ ಓಹೋ ಎಂದರು, ಅವಳು ಚೆನ್ನಾಗಿದೆ ಎಂದಳು. ವಾಪಸು ಬರುವಾಗ ಕಾರಿನಲ್ಲಿ ನಿದ್ದೆ ಹೋದಳು, ಅಥವಾ ಹೋದಂತೆ ಕುಳಿತಳು. ಅವಳು ಕೊಟ್ಟ ನೆನಪನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳಬಹುದಿತ್ತು. ನನ್ನ ಸ್ವಭಾವಕ್ಕೆ ಆಗಲಿಲ್ಲ.

ಮುಂದಿನ ವಾರ ಅಕ್ಕಿಹೆಬ್ಬಾಳಿಗೆ ಹೋದೆ. ಅಲ್ಲಿರುವ ನನ್ನ ಸೋದರಮಾವ ಅವ್ವಂದಿರಿಬ್ಬರಿಗೂ ಅಣ್ಣ. ಅವನನ್ನು ಗದ್ದೆಯಲ್ಲಿ ಕೇಳಿದೆ. ಅವನು ಕಾಲು ತೊಳೆದು ಬರುವ ಮೊದಲೇ ಮನೆಗೆ ಬಂದು ಅತ್ತೆಯನ್ನು ಬೇರೆಯಾಗಿ ಕೇಳಿದೆ. ಅತ್ತೆ ಒಲೆಯ ಮುಂದಿನಿಂದ ಏಳದೆ, ನಿನ್ನ ಚಿಕ್ಕವ್ವ ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದಳು ಎಂದಳು. ಇಬ್ಬರೂ ಹೇಳಿದ್ದು ಒಂದೇ: ನನ್ನ ಮುಡಿ ತೆಗೆಸಿದ ದಿನ ಅವ್ವ ಏಳಲಾಗದೆ ಹೊಣಕೆರೆಯ ಮನೆಯಲ್ಲಿ ಮಲಗಿದ್ದಳು, ಅವಳ ಹರಕೆ ತೀರಿಸಲು ನನ್ನನ್ನು ಎತ್ತಿಕೊಂಡು ಹೋದವಳು, ಆಗಿನ್ನೂ ಮದುವೆಯಾಗದ ಚಿಕ್ಕವ್ವ.